ತುಳಸಿಯ ಮುಂದಿನ ದೀಪ, ತುಳಸಿಗೆ ಬೇಕಾದ ಬೆಳಕು

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಜನಕ ಮಹಾರಾಜನು ಯಾಜ್ಞವಲ್ಕ್ಯನ ಮುಂದಿಡುವ ಪ್ರಶ್ನೆ ಬೆಳಕನ್ನು ಕುರಿತದ್ದು. ಮನುಷ್ಯನಿಗೆ ಬೆಳಕು ಯಾವುದು ಎಂದು ಅರಸನು ಕೇಳುತ್ತಾನೆ. ಸೂರ್ಯನೆಂದು ಋಷಿ ಹೇಳಿದಾಗ, ಸೂರ್ಯ ಮುಳುಗಿದರೆ ಯಾವುದೆಂದು ಮತ್ತೆ ಕೇಳುತ್ತಾನೆ. ಹೀಗೆ ಸೂರ್ಯನಿಂದ ಚಂದ್ರನಿಗೆ, ಚಂದ್ರನಿಂದ ಬೆಂಕಿಗೆ, ಬೆಂಕಿಯಿಂದ ಮಾತಿಗೆ, ಮಾತೂ ಅಡಗಿದ ಮೇಲೆ ಆತ್ಮಕ್ಕೆ ಸಂವಾದ ಇಳಿಯುತ್ತಾ ಹೋಗುತ್ತದೆ. ಈ ಸಂವಾದದ ಗುರಿ ಆತ್ಮವೇ ಆದರೂ, ದಾರಿಯಲ್ಲಿ ಅದು ಬಳಸುವ ಪರೀಕ್ಷೆ ಗಮನಿಸಬೇಕಾದದ್ದು: ಯಾವುದರ ನೆರವಿನಿಂದ ಮನುಷ್ಯ ಕುಳಿತುಕೊಳ್ಳುತ್ತಾನೆ, ನಡೆದಾಡುತ್ತಾನೆ, ಕೆಲಸ ಮಾಡುತ್ತಾನೆ, ಮನೆಗೆ ಮರಳುತ್ತಾನೆಯೋ ಅದನ್ನೇ ಯಾಜ್ಞವಲ್ಕ್ಯನು ಅವನ ಬೆಳಕೆಂದು ಒಪ್ಪುತ್ತಾನೆ. ಬೆಳಕಿನ ಯೋಗ್ಯತೆ ಅದರ ಮೂಲದಿಂದ ನಿರ್ಧಾರವಾಗದೆ, ಅದು ಯಾರ ಬಾಳನ್ನು ನಡೆಸುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ. ಇದೇ ಪರೀಕ್ಷೆಯನ್ನು ಮನುಷ್ಯನ ಪಕ್ಕದಲ್ಲಿ ನಿಂತ ಗಿಡಕ್ಕೂ ಅನ್ವಯಿಸಿ, ಗಿಡಕ್ಕೆ ಯಾವುದು ಬೆಳಕು ಎಂದು ಕೇಳಿದರೆ ಏನಾಗುತ್ತದೆ ಎಂಬುದೇ ಈ ಪ್ರಬಂಧದ ವಿಷಯ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಬಯಲುಸೀಮೆಯ ಊರಿನಲ್ಲಿ ಈ ಪ್ರಶ್ನೆ ಹುಟ್ಟುವುದಕ್ಕೆ ಕಾರಣವೇ ಇರಲಿಲ್ಲ. ಮಳೆಗೆ ಬರವಿದ್ದರೂ ಬಿಸಿಲಿಗೆ ಬರವಿಲ್ಲದ ಸೀಮೆ ಅದು. ಬೆಳಕಿಗಾಗಿ ಹಂಬಲಿಸುತ್ತಿದ್ದುದು ಮಾಳಿಗೆ ಮನೆಯ ಒಳಭಾಗ. ಅದಕ್ಕಾಗಿ ಚಾವಣಿಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ತುಳಸಿಯಾದರೋ ಅಂಗಳದ ಕಟ್ಟೆಯ ಮೇಲೆ ಹಗಲೆಲ್ಲ ಸೂರ್ಯನೊಂದಿಗಿರುತ್ತಿತ್ತು. ಆದರೆ ಇಂಥ ಊರುಗಳ ಮಕ್ಕಳು ದಾವಣಗೆರೆಗೆ, ಬೆಂಗಳೂರಿಗೆ, ಕಡಲಾಚೆಯ ಚಳಿನಾಡುಗಳಿಗೆ ಹೋಗಿ ನೆಲೆಸಿದಾಗ ತುಳಸಿಯೂ ಕುಂಡವೇರಿ ಅವರೊಂದಿಗೆ ಹೊರಟಿತು. ಎದುರು ಗೋಡೆಯ ನೆರಳು ಬೀಳುವ ಬಾಲ್ಕನಿಯಲ್ಲಿ ಅದರ ಕಾಂಡ ಸೊರಗಿ ಉದ್ದವಾಗುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಎಲೆ ತೆಳುವಾಗಿ ಬಣ್ಣಗೆಡುತ್ತದೆ. ಆಗ ಮನೆಯವರು ಎಲ್‌ಇಡಿ ಬಲ್ಬು ತರಲು ಅಂಗಡಿಗೆ ಹೋದರೆ, ಪೆಟ್ಟಿಗೆಗಳ ಮೇಲೆ 2,700, 4,000, 6,500 ಎಂಬ ಅಂಕಿಗಳು ಎದುರಾಗುತ್ತವೆ. ಯಾವುದನ್ನು ಆರಿಸಬೇಕು ಎಂಬುದು ಮೇಲ್ನೋಟಕ್ಕೆ ತೋಟಗಾರಿಕೆಯ ಪ್ರಶ್ನೆಯಾದರೂ, ಅದರ ಒಳಗೆ ಇನ್ನೊಂದು ಜೀವದ ಅಗತ್ಯವನ್ನು ಯಾವ ಅಳತೆಗೋಲಿನಿಂದ ತಿಳಿಯಬೇಕು ಎಂಬ ಧರ್ಮದ ಪ್ರಶ್ನೆ ಅಡಗಿದೆ.

ಆ ಅಂಕಿಗಳು ಸೂಚಿಸುವುದು ಬೆಳಕಿನ ವರ್ಣತಾಪವನ್ನು. ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿದಾಗ ಅದು ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬೆಳ್ಳಗೆ ಹೊಳೆಯುವುದನ್ನು ಕಮ್ಮಾರಸಾಲೆಯಲ್ಲಿ ನಿಂತವರೆಲ್ಲ ಕಂಡಿರುತ್ತಾರೆ. ಹೀಗೆ ಕಾಯುವ ಒಂದು ಆದರ್ಶ ಕಪ್ಪು ವಸ್ತು ಎಷ್ಟು ತಾಪದಲ್ಲಿ ಯಾವ ಬಣ್ಣ ತಾಳುತ್ತದೆ ಎಂಬ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ದೀಪದ ಬಣ್ಣಕ್ಕೆ ತಾಪದ ಹೆಸರು ಕೊಡಲಾಗುತ್ತದೆ. ಅದರ ಮಾನ ಕೆಲ್ವಿನ್. ಹಣತೆಯ ಸೊಡರಿನ ಬಣ್ಣ ಸುಮಾರು 1,900 ಕೆಲ್ವಿನ್, ಹಳೆಯ ತಂತಿ ಬಲ್ಬಿನದು ಸುಮಾರು 2,700, ನಡುಹಗಲಿನ ಬೆಳಕು 5,500ರಿಂದ 6,500ರ ಆಸುಪಾಸು. ಅಂಕಿ ಏರಿದಷ್ಟೂ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚುತ್ತದೆ, ಇಳಿದಷ್ಟೂ ಕೆಂಪಿನ ಪಾಲು ಹೆಚ್ಚುತ್ತದೆ. ಆದರೂ ಕಡಿಮೆ ತಾಪದ ಕೆಂಬೆಳಕನ್ನು ಬೆಚ್ಚನೆಯದೆಂದೂ ಹೆಚ್ಚು ತಾಪದ ನೀಲಿಬಿಳುಪನ್ನು ತಂಪೆಂದೂ ಜನ ಕರೆಯುತ್ತಾರೆ, ಏಕೆಂದರೆ ಆ ಹೆಸರುಗಳು ಬಂದದ್ದು ಒಲೆಯ ಕೆಂಪನ್ನೂ ಬೆಳದಿಂಗಳ ಬಿಳುಪನ್ನೂ ಕಂಡ ಮನುಷ್ಯನ ಅನುಭವದಿಂದ. ಅಲ್ಲದೆ ವರ್ಣತಾಪವು ಬೆಳಕಿನ ಒಟ್ಟು ಛಾಯೆಯನ್ನು ಹೇಳುತ್ತದೆಯೇ ಹೊರತು ಅದರೊಳಗಿನ ಬಣ್ಣಗಳ ಪೂರ್ಣ ಪಟ್ಟಿಯನ್ನು ಕೊಡುವುದಿಲ್ಲ. ಬಿಳಿ ಎಲ್‌ಇಡಿಯಲ್ಲಿ ಬೆಳಕು ಹುಟ್ಟುವುದು ನೀಲಿಯಾಗಿ; ಅದರ ಮೇಲೆ ಲೇಪಿಸಿದ ಫಾಸ್ಫರ್ ಪದರವು ಅದರಲ್ಲೊಂದು ಪಾಲನ್ನು ಹಳದಿ, ಕೆಂಪುಗಳಾಗಿ ಮಾರ್ಪಡಿಸುತ್ತದೆ. ಆದ್ದರಿಂದ ಒಂದೇ ಕೆಲ್ವಿನ್ ಅಂಕಿಯ ಎರಡು ಬಲ್ಬುಗಳು ಕಣ್ಣಿಗೆ ಒಂದೇ ಎನಿಸಿದರೂ ಅವುಗಳ ಒಳಗಿನ ಬಣ್ಣಗಳ ಹಂಚಿಕೆ ಬೇರೆ ಬೇರೆಯಾಗಿರಬಹುದು.

ಬೆಳಕಿನ ಪ್ರಮಾಣವನ್ನು ಅಳೆಯುವ ಲ್ಯೂಮೆನ್ ಮತ್ತು ಲಕ್ಸ್ ಎಂಬ ಮಾನಗಳೂ ಮನುಷ್ಯನ ಕಣ್ಣನ್ನೇ ಆಧರಿಸಿದವು. ಮನುಷ್ಯನ ಕಣ್ಣು ಹಗಲಿನಲ್ಲಿ ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್ ತರಂಗಾಂತರದ ಹಸಿರಿಗೆ. ಆ ಹಸಿರಿಗೆ ಹೆಚ್ಚು ತೂಕವನ್ನೂ ನೀಲಿ ಕೆಂಪುಗಳಿಗೆ ಕಡಿಮೆ ತೂಕವನ್ನೂ ಕೊಟ್ಟು ಲ್ಯೂಮೆನ್ ಲೆಕ್ಕ ಮಾಡಲಾಗಿದೆ. ಎಲೆಯೊಳಗಿನ ಪತ್ರಹರಿತ್ತು ಇದಕ್ಕೆ ಹೆಚ್ಚುಕಡಿಮೆ ವಿರುದ್ಧ ರುಚಿಯದು. ಅದು ನೀಲಿಯನ್ನೂ ಕೆಂಪನ್ನೂ ಹೆಚ್ಚಾಗಿ ಹೀರಿಕೊಂಡು ಹಸಿರಿನಲ್ಲೊಂದು ಪಾಲನ್ನು ಹಿಂದಕ್ಕೆ ಬಿಡುವುದರಿಂದಲೇ ಎಲೆ ಹಸಿರಾಗಿ ಕಾಣುತ್ತದೆ. 1882ರಲ್ಲಿ ಜರ್ಮನಿಯ ಎಂಗೆಲ್‌ಮನ್ ಎಂಬ ವಿಜ್ಞಾನಿ ಹಸಿರು ಪಾಚಿಯ ಒಂದು ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಸಾಲಾಗಿ ಬೀಳಿಸಿ, ಆಮ್ಲಜನಕವನ್ನು ಅರಸಿ ಚಲಿಸುವ ಬ್ಯಾಕ್ಟೀರಿಯಗಳನ್ನು ಆ ನೀರಿಗೆ ಬಿಟ್ಟನು. ಸೂಕ್ಷ್ಮದರ್ಶಕದಡಿಯಲ್ಲಿ ಅವು ಎಳೆಯ ಉದ್ದಕ್ಕೂ ಸಮನಾಗಿ ಹರಡದೆ, ಕೆಂಪು ಬಿದ್ದ ಕಡೆ ಮತ್ತು ನೀಲಿ ಬಿದ್ದ ಕಡೆ ದಟ್ಟವಾಗಿ ಮುತ್ತಿಕೊಂಡವು. ಉಸಿರು ಅಲ್ಲಿ ಹುಟ್ಟುತ್ತಿತ್ತು. ಹಸಿರು ಬೆಳಕು ಸಸ್ಯಕ್ಕೆ ಪೂರ್ತಿ ನಿರರ್ಥಕವಲ್ಲ, ಅದೂ ಕೆಲಸ ಮಾಡುತ್ತದೆ ಎಂಬುದನ್ನು 1972ರಲ್ಲಿ ಪ್ರಕಟವಾದ ಮೆಕ್‌ಕ್ರೀ ಅವರ ಅಳತೆಗಳು ತೋರಿಸಿಕೊಟ್ಟವು. ಈಗ ಸಸ್ಯವಿಜ್ಞಾನಿಗಳು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಎಣಿಕೆಯನ್ನೇ ಗಿಡದ ಬೆಳಕಿನ ಅಳತೆಯಾಗಿ ಬಳಸುತ್ತಾರೆ.

ಈ ಅಳತೆಗಳನ್ನು ಹಿಡಿದು ನೋಡಿದಾಗ ಸಂಪ್ರದಾಯದ ಒಂದು ಪ್ರಿಯವಾದ ಚಿತ್ರ ಬೇರೆ ಅರ್ಥ ಪಡೆಯುತ್ತದೆ. ಸಂಜೆ ತುಳಸಿಯ ಮುಂದೆ ಹಣತೆ ಹಚ್ಚುವುದು, ಅದರಲ್ಲೂ ಕಾರ್ತಿಕ ಮಾಸದಲ್ಲಿ ಹಚ್ಚುವುದು, ಕನ್ನಡ ನಾಡಿನ ಅಸಂಖ್ಯ ಮನೆಗಳ ಆಚರಣೆ. ಒಂದು ಮೇಣದ ಬತ್ತಿಯಷ್ಟು ಬೆಳಗುವ ಸೊಡರು ಒಂದಡಿ ದೂರದ ಎಲೆಗೆ ಕೊಡುವ ಬೆಳಕು ಸುಮಾರು 10 ಲಕ್ಸ್. ನಡುಹಗಲಿನ ನೇರ ಬಿಸಿಲು ಕೊಡುವುದು ಸುಮಾರು 1,00,000 ಲಕ್ಸ್. ಅಂದರೆ ಆ ಸೊಡರು ತುಳಸಿಗೆ ಬಿಸಿಲಿನ ಹತ್ತು ಸಾವಿರದಲ್ಲೊಂದು ಪಾಲನ್ನು ಮಾತ್ರ ಕೊಡಬಲ್ಲದು, ಅದೂ ಎಣ್ಣೆ ಇರುವವರೆಗೆ. ಇದರಿಂದ ಆಚರಣೆ ಪೊಳ್ಳೆಂದು ತೀರ್ಮಾನಿಸುವುದು ಅವಸರದ ಮಾತಾದೀತು, ಏಕೆಂದರೆ ತುಳಸಿಯ ಮುಂದಿನ ದೀಪ ಎಂದೂ ಗಿಡದ ಆಹಾರವೆಂದು ಉದ್ದೇಶಿತವಾಗಿರಲಿಲ್ಲ. ಅದು ನಮಸ್ಕಾರ, ಹಗಲೆಲ್ಲ ಕೆಲಸದ ನಡುವೆ ಕಣ್ಣಿಗೆ ಬೀಳದಿದ್ದ ಜೀವವೊಂದನ್ನು ಸಂಜೆ ನಿಂತು ಕಾಣುವುದಕ್ಕೆ ಮನುಷ್ಯ ತನಗಾಗಿ ಹಚ್ಚಿಕೊಂಡ ಬೆಳಕು. ಅಂಗಳದಲ್ಲಿ ಸೂರ್ಯನೇ ಗಿಡವನ್ನು ಪೋಷಿಸುತ್ತಿದ್ದಾಗ ನಮಸ್ಕಾರವೊಂದೇ ಸಾಕಾಗಿತ್ತು. ಗಿಡವನ್ನು ಸೂರ್ಯನಿಂದ ಬೇರ್ಪಡಿಸಿ ಒಳಗೆ ತಂದವರ ಮೇಲೆ ನಮಸ್ಕಾರದ ಜೊತೆಗೆ ಸೇವೆಯ ಹೊಣೆಯೂ ಬೀಳುತ್ತದೆ, ಮತ್ತು ಸೇವೆಗೆ ಭಾವದೊಂದಿಗೆ ತಿಳಿವಳಿಕೆಯೂ ಬೇಕಾಗುತ್ತದೆ.

ಗಿಡಕ್ಕೆ ಬೆಳಕಿನ ಅರಿವಿದೆಯೇ ಎಂಬ ಪ್ರಶ್ನೆ ಭಾರತೀಯ ಚಿಂತನೆಯಲ್ಲಿ ಹಳೆಯದು. ಮಹಾಭಾರತದ ಶಾಂತಿಪರ್ವದ ಮೋಕ್ಷಧರ್ಮ ಭಾಗದಲ್ಲಿ ಮರಗಳು ನೋಡುವುದಿಲ್ಲ, ಕೇಳುವುದಿಲ್ಲ ಎಂದು ಭರದ್ವಾಜನು ಸಂದೇಹ ಎತ್ತಿದಾಗ, ಭೃಗು ಮಹರ್ಷಿಯು ಅವುಗಳ ನಡವಳಿಕೆಯನ್ನೇ ಸಾಕ್ಷಿಯಾಗಿ ಮುಂದಿಡುತ್ತಾನೆ. ಬಳ್ಳಿಯು ಮರವನ್ನು ಹುಡುಕಿ ಸುತ್ತಿಕೊಂಡು ಸಾಗುವುದರಿಂದ, ದಾರಿ ಕಾಣದವರಿಗೆ ಹೀಗೆ ಸಾಗಲಾಗದಾದ್ದರಿಂದ, ಸಸ್ಯಗಳಿಗೆ ನೋಟವಿದೆ ಎಂಬುದು ಅವನ ತರ್ಕ. ಜೈನ ದರ್ಶನವು ಸಸ್ಯವನ್ನು ಏಕೇಂದ್ರಿಯ ಜೀವವೆಂದು, ಅಂದರೆ ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಜೀವವೆಂದು ಎಣಿಸಿ, ಅದಕ್ಕೂ ಅಹಿಂಸೆಯ ರಕ್ಷಣೆಯನ್ನು ಚಾಚುತ್ತದೆ. ಇವು ಸಸ್ಯವಿಜ್ಞಾನದ ಗ್ರಂಥಗಳಲ್ಲ; ಆದರೆ ಗಿಡದ ಒಳಬಾಳನ್ನು ಅದರ ನಡವಳಿಕೆಯಿಂದ ಊಹಿಸಬೇಕೆಂಬ ಭೃಗುವಿನ ಕ್ರಮ ಸರಿಯಾದದ್ದು. 1880ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ ವರದಿ ಮಾಡಿದ ಪ್ರಯೋಗವೂ ನಡವಳಿಕೆಯ ಸಾಕ್ಷಿಯನ್ನೇ ಅವಲಂಬಿಸಿತ್ತು: ಹುಲ್ಲಿನ ಮೊಳಕೆಯ ತುದಿಗೆ ಬೆಳಕು ಬೀಳದಂತೆ ಟೊಪ್ಪಿಗೆ ತೊಡಿಸಿದರೆ ಅದು ಬೆಳಕಿನತ್ತ ಬಾಗುವುದಿಲ್ಲ, ತುದಿಯನ್ನು ಬಿಟ್ಟು ಕೆಳಭಾಗವನ್ನು ಮುಚ್ಚಿದರೆ ಬಾಗುತ್ತದೆ. ಗಿಡಕ್ಕೆ ಕಣ್ಣೆಂಬ ಒಂದು ಅಂಗವಿಲ್ಲ. ಎಲೆ, ಕಾಂಡ, ಮೊಳಕೆಗಳ ಮೈಯೆಲ್ಲ ಬೆಳಕನ್ನು ಗುರುತಿಸುವ ಅಣುಗಳಿಂದ ಕೂಡಿದೆ. ಅದರ ಪಾಲಿಗೆ ಬೆಳಕು ಒಂದು ಬಗೆಯ ಸ್ಪರ್ಶವೂ ಹೌದು, ಒಂದು ಬಗೆಯ ನೋಟವೂ ಹೌದು ಎಂದು ಇಂದಿನ ಓದುಗನು ಈ ಎರಡು ಹಳೆಯ ಮಾತುಗಳನ್ನು ಕೂಡಿಸಿ ಹೇಳಬಹುದು.

ಈ ಮೈ ನೀಲಿಯನ್ನು ಒಂದು ರೀತಿ ಓದುತ್ತದೆ, ಕೆಂಪನ್ನು ಇನ್ನೊಂದು ರೀತಿ ಓದುತ್ತದೆ. ನೀಲಿ ಬೆಳಕು ಕಾಂಡವನ್ನು ಗಿಡ್ಡವಾಗಿ ಗಟ್ಟಿಯಾಗಿಡುತ್ತದೆ, ಎಲೆಯ ಉಸಿರುರಂಧ್ರಗಳನ್ನು ತೆರೆಸುತ್ತದೆ, ಬೆಳಕು ಬರುವ ದಿಕ್ಕಿಗೆ ಗಿಡವನ್ನು ತಿರುಗಿಸುತ್ತದೆ. ಕೆಂಪು ಬೆಳಕು ದ್ಯುತಿಸಂಶ್ಲೇಷಣೆಗೆ, ಅಂದರೆ ನೀರು ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಕಟ್ಟುವ ಕೆಲಸಕ್ಕೆ, ತುಂಬ ಸಮರ್ಥವಾದದ್ದು. ಆದರೆ ನೀಲಿಯಿಲ್ಲದೆ ಕೆಂಪೊಂದನ್ನೇ ಕೊಟ್ಟರೆ ಅನೇಕ ಗಿಡಗಳು ಉದ್ದುದ್ದ ಬೆಳೆದು ಸೋಲುತ್ತವೆ. ಬೆಳಕೇ ಇಲ್ಲದಿದ್ದರೆ ಆಗುವುದನ್ನು ನವರಾತ್ರಿಯ ಘಟಸ್ಥಾಪನೆಯ ಮನೆಗಳಲ್ಲಿ ಕಣ್ಣಾರೆ ಕಾಣಬಹುದು. ದೇವರ ಮನೆಯ ಮಬ್ಬಿನಲ್ಲಿ, ಮಣ್ಣಿನಲ್ಲಿ ಬಿತ್ತಿದ ಧಾನ್ಯ ಒಂಬತ್ತು ದಿನಗಳಲ್ಲಿ ಗೇಣುದ್ದ ಚಾಚಿ, ಹಸಿರಿನ ಬದಲು ಎಳೆಯ ಹಳದಿ ಬಣ್ಣ ತಾಳಿ ನಿಲ್ಲುತ್ತದೆ. ಪತ್ರಹರಿತ್ತಿನ ತಯಾರಿಯ ಕೊನೆಯ ಹಂತಗಳಲ್ಲೊಂದಕ್ಕೆ ಈ ಧಾನ್ಯದ ಗಿಡಗಳಲ್ಲಿ ಬೆಳಕು ಬೇಕೇ ಬೇಕು. ಆ ಹಳದಿ ಸಸಿಯನ್ನು ಭಕ್ತರು ಸಮೃದ್ಧಿಯ ಗುರುತೆಂದು ಮುಡಿಯುತ್ತಾರೆ. ಸಸ್ಯದ ಕಡೆಯಿಂದ ನೋಡಿದರೆ ಅದು ಬೀಜದಲ್ಲಿದ್ದ ಬುತ್ತಿಯನ್ನೆಲ್ಲ ಖರ್ಚು ಮಾಡಿ ಬೆಳಕನ್ನು ಹುಡುಕಿ ಹೊರಟ ಪಯಣ. ಎರಡನ್ನೂ ಅರಿತ ಭಕ್ತನ ಕೈಯಲ್ಲಿ ಆ ಸಸಿ ಇನ್ನಷ್ಟು ಪೂಜ್ಯವಾಗುತ್ತದೆ.

ಹೀಗೆ ಅರಿತ ಮೇಲೆ ಆಯ್ಕೆ ಕಷ್ಟವಲ್ಲ. ಎಳೆಯ ಸಸಿಗಳಿಗೂ ತುಳಸಿ, ಪುದೀನ, ಮೆಂತ್ಯೆಯಂಥ ಎಲೆಗಿಡಗಳಿಗೂ 5,000ರಿಂದ 6,500 ಕೆಲ್ವಿನ್ ಬೆಳಕು ಹೊಂದುತ್ತದೆ. ಹೂವಿಗೆ ಸಿದ್ಧವಾಗುವ ಗಿಡಗಳಿಗೆ 2,700ರಿಂದ 3,000ದ ಕೆಂಪು ಹೆಚ್ಚಿದ ಬೆಳಕನ್ನು ಸೇರಿಸಬಹುದು. ಒಂದೇ ದೀಪದಲ್ಲಿ ಎಲ್ಲ ಸಾಗಬೇಕಾದರೆ 4,000ದ ಸುತ್ತಿನದು ನಡುದಾರಿ. ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣದ ಸೂಚ್ಯಂಕ 90ಕ್ಕಿಂತ ಮೇಲಿರುವ ಬಲ್ಬಿನಲ್ಲಿ ಕೆಂಪಿನ ಪಾಲು ಸಾಮಾನ್ಯವಾಗಿ ಹೆಚ್ಚು ತುಂಬಿಕೊಂಡಿರುತ್ತದೆ. ಆದರೆ ವರ್ಣತಾಪಕ್ಕಿಂತ ಪ್ರಮಾಣ ಮುಖ್ಯ, ಏಕೆಂದರೆ ದೀಪದ ದೂರ ಎರಡರಷ್ಟಾದರೆ ಚಿಕ್ಕ ಬಲ್ಬಿನಿಂದ ಎಲೆಗೆ ಸಿಗುವ ಬೆಳಕು ಸುಮಾರು ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಆದ್ದರಿಂದ ದೀಪವು ಚಾವಣಿಯಲ್ಲಿರದೆ ಗಿಡದ ನೆತ್ತಿಯಿಂದ ಒಂದು ಗೇಣು, ಒಂದೂವರೆ ಗೇಣಿನ ಎತ್ತರದಲ್ಲಿದ್ದು, ದಿನಕ್ಕೆ 12ರಿಂದ 14 ಗಂಟೆ ಉರಿಯಬೇಕು. ಗೆಣ್ಣುಗಳ ನಡುವಿನ ಅಂತರ ಹೆಚ್ಚಿದರೆ ಬೆಳಕು ಸಾಲದೆಂದೂ, ತುದಿಯ ಎಲೆ ಬಿಳಿಚಿ ಸುಟ್ಟಂತಾದರೆ ಅತಿಯಾಯಿತೆಂದೂ ಗಿಡವೇ ತಿಳಿಸುತ್ತದೆ. ಉಳಿದ ಗಂಟೆಗಳಲ್ಲಿ ದೀಪ ಆರಿರಬೇಕೆಂಬ ಕೊನೆಯ ನಿಯಮ ಚಿಕ್ಕದಾಗಿ ಕಂಡರೂ, ತತ್ತ್ವದ ದೃಷ್ಟಿಯಿಂದ ಅದೇ ಎಲ್ಲಕ್ಕಿಂತ ಆಳವಾದದ್ದು.

ಕತ್ತಲೆ ಎಂದರೇನು ಎಂಬುದರ ಬಗ್ಗೆ ಭಾರತೀಯ ದಾರ್ಶನಿಕರಲ್ಲಿ ದೀರ್ಘ ವಾದ ನಡೆದಿದೆ. ನ್ಯಾಯ ವೈಶೇಷಿಕರು ಕತ್ತಲೆಯನ್ನು ತೇಜಸ್ಸಿನ ಅಭಾವ, ಅಂದರೆ ಬೆಳಕೆಂಬ ದ್ರವ್ಯ ಇಲ್ಲದಿರುವ ಸ್ಥಿತಿ ಎಂದರು. ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆಯವರು ಇದನ್ನು ಒಪ್ಪದೆ, ಕತ್ತಲೆಗೆ ಕಪ್ಪು ಬಣ್ಣವಿರುವುದರಿಂದ, ಅದು ಚಲಿಸುವಂತೆ ಕಾಣುವುದರಿಂದ, ಬಣ್ಣ ಮತ್ತು ಚಲನೆ ದ್ರವ್ಯಕ್ಕೆ ಮಾತ್ರ ಇರುವುದರಿಂದ, ಕತ್ತಲೆಯೂ ಒಂದು ದ್ರವ್ಯವೆಂದು ವಾದಿಸಿದರು. ದೀಪ ಸರಿದಾಗ ನೆರಳು ಸರಿದಂತೆ ತೋರುತ್ತದೆಯೇ ಹೊರತು ಕತ್ತಲೆಗೆ ಸ್ವಂತ ಚಲನೆಯಿಲ್ಲ ಎಂದು ನೈಯಾಯಿಕರು ಉತ್ತರಿಸಿದರು. ಆದರೆ ಅವರೂ ಅಭಾವವನ್ನು ಶೂನ್ಯವೆಂದು ತಳ್ಳಿಹಾಕಲಿಲ್ಲ; ಅದನ್ನು ಅರಿವಿಗೆ ನಿಲುಕುವ ಒಂದು ಪದಾರ್ಥವೆಂದೇ, ಅಂದರೆ ಲೋಕದಲ್ಲಿ ಎಣಿಕೆಗೆ ಬರುವ ಸಂಗತಿಗಳಲ್ಲೊಂದೆಂದೇ, ತಮ್ಮ ಪಟ್ಟಿಯಲ್ಲಿ ಸೇರಿಸಿದರು. ಎರಡೂ ಪಕ್ಷದವರು ಈ ವಾದವನ್ನು ಮನುಷ್ಯನ ಕಣ್ಣಿಗೆ ಕಾಣುವ ಕತ್ತಲೆಯನ್ನಿಟ್ಟುಕೊಂಡು ನಡೆಸಿದರು. ಗಿಡವನ್ನು ಸಾಕ್ಷಿಗೆ ಕರೆದರೆ ಅದು ಏನು ಹೇಳುತ್ತದೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂತು.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕಿನ ಒಂದು ತಳಿ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲವೆಂದು ತೋರಿಸಿ, ಹಗಲಿನ ಉದ್ದಕ್ಕೆ ಗಿಡಗಳು ಹೀಗೆ ಸ್ಪಂದಿಸುವುದಕ್ಕೆ ಒಂದು ಹೆಸರನ್ನೂ ಕೊಟ್ಟರು. ಕನ್ನಡದಲ್ಲಿ ಅದನ್ನು ದ್ಯುತಿ ಅವಧಿತ್ವ ಎನ್ನಬಹುದು. ಆದರೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ನಡೆಸಿದ ಪ್ರಯೋಗಗಳು ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿದವು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಗಿಡ ಅದನ್ನು ಲೆಕ್ಕಿಸಲಿಲ್ಲ. ದೀರ್ಘ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಕೊಟ್ಟರೆ ಮಾತ್ರ ಹೂ ನಿಂತುಹೋಯಿತು. ಗಿಡ ಅಳೆಯುತ್ತಿದ್ದದ್ದು ಎಡೆಬಿಡದ ಕತ್ತಲೆಯ ಉದ್ದವನ್ನು. ಆ ಅಳತೆಗೆ ನೆರವಾಗುವ ಅಣುವಿನ ಸುಳಿವು 1952ರಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟಿಸ್ ಬೀಜಗಳ ಮೇಲೆ ಮಾಡಿದ ಕೆಲಸದಿಂದ ಸಿಕ್ಕಿತು. ಫೈಟೋಕ್ರೋಮ್ ಎಂಬ ಈ ವರ್ಣದ್ರವ್ಯ 660 ನ್ಯಾನೋಮೀಟರ್ ಸುತ್ತಿನ ಕೆಂಪು ಬಿದ್ದಾಗ ಒಂದು ರೂಪಕ್ಕೂ 730ರ ಸುತ್ತಿನ ಕಡುಗೆಂಪು ಬಿದ್ದಾಗ ಮರಳಿ ಹಳೆಯ ರೂಪಕ್ಕೂ ತಿರುಗುತ್ತದೆ. ಕತ್ತಲೆ ದ್ರವ್ಯವೋ ಅಭಾವವೋ ಎಂಬ ವಾದವನ್ನು ಗಿಡ ತೀರಿಸಿಕೊಡಲಾರದು. ಆದರೆ ಕತ್ತಲೆಗೆ ಉದ್ದವಿದೆ, ಫಲವಿದೆ, ಅದನ್ನು ಎಣಿಸುವ ಜೀವವೊಂದಿದೆ ಎಂದು ಅದು ಸಾಕ್ಷಿ ನುಡಿಯುತ್ತದೆ.

ಕರ್ನಾಟಕದ ಸೇವಂತಿಗೆ ಬೆಳೆಗಾರರು ಈ ಸಾಕ್ಷಿಯನ್ನು ಚೆನ್ನಾಗಿ ಬಲ್ಲರು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೆಲವು ಸೇವಂತಿಗೆ ತೋಟಗಳಲ್ಲಿ ಸಾಲುಗಳ ಮೇಲೆ ತಂತಿ ಎಳೆದು, ರಾತ್ರಿಯಲ್ಲಿ ಬಲ್ಬು ಉರಿಸುತ್ತಾರೆ. ದೂರದಿಂದ ನೋಡಿದವರಿಗೆ ಹೊಲದಲ್ಲೇ ಕಾರ್ತಿಕದ ದೀಪೋತ್ಸವ ನಡೆದಂತೆ ತೋರುತ್ತದೆ. ಸೇವಂತಿಗೆ ದೀರ್ಘ ರಾತ್ರಿಯನ್ನು ಕಂಡು ಮೊಗ್ಗು ಕಟ್ಟುವ ಗಿಡ; ಅನೇಕ ತಳಿಗಳು ಹಗಲು ಸುಮಾರು 13ರಿಂದ 14 ಗಂಟೆಗಿಂತ ಕಿರಿದಾದಾಗ ಹೂವಿಗೆ ತಿರುಗುತ್ತವೆ. ಬಿಳಿಚೋಡಿನ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಸುಮಾರು 13 ಗಂಟೆಯದು, ಡಿಸೆಂಬರಿನ ಅತಿ ಕಿರಿದಾದದ್ದು ಹನ್ನೊಂದೂಕಾಲು ಗಂಟೆಯದು. ಕೋಲಾರದ ಸೀಮೆಯಲ್ಲೂ ಲೆಕ್ಕ ಹೆಚ್ಚು ಬೇರೆಯಿಲ್ಲ. ಇಂಥ ತಳಿಗಳ ಪಾಲಿಗೆ ಇಲ್ಲಿಯ ಹೆಚ್ಚಿನ ದಿನಗಳೆಲ್ಲ ಮೊಗ್ಗಿಗೆ ಕರೆ ಕೊಡುವ ದಿನಗಳು. ಸಸಿ ಎತ್ತರಕ್ಕೆ ಬೆಳೆಯುವ ಮೊದಲೇ ಮೊಗ್ಗು ಬಿಟ್ಟರೆ ಹೂ ಕಡಿಮೆಯಾಗುವುದರಿಂದ ಬೆಳೆಗಾರನು ರಾತ್ರಿಯನ್ನು ಬೆಳಕಿನಿಂದ ತುಂಡರಿಸಿ, ಗಿಡ ಬಲಿತ ಮೇಲೆ ಬಲ್ಬು ಆರಿಸಿ ಅದರ ರಾತ್ರಿಯನ್ನು ಅದಕ್ಕೆ ಮರಳಿ ಕೊಡುತ್ತಾನೆ. ದೇವರ ಮುಡಿಗೆ, ಹಬ್ಬದ ಬಾಗಿಲಿಗೆ ಬರುವ ಹೂವಿನಲ್ಲಿ ಹೀಗೆ ಬೆಳಕಿನಷ್ಟೇ ಕತ್ತಲೆಯ ಪಾಲೂ ಇದೆ.

ಕೃತಕ ಬೆಳಕಿನಲ್ಲಿ ಬೆಳೆದ ತುಳಸಿ ಅಥವಾ ಹೂವು ಪೂಜೆಗೆ ಸಲ್ಲುತ್ತದೆಯೇ ಎಂದು ಶ್ರದ್ಧಾವಂತರು ಕೇಳಬಹುದು. ಅನ್ನಂಭಟ್ಟನ ತರ್ಕಸಂಗ್ರಹವು ತೇಜಸ್ಸಿನ ವಿಷಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಬೆಂಕಿಯಂಥ ಭೌಮ, ಮಿಂಚಿನಂಥ ದಿವ್ಯ, ಅನ್ನವನ್ನು ಪಚನ ಮಾಡುವ ಔದರ್ಯ, ಚಿನ್ನದಂಥ ಆಕರಜ. ಹುಟ್ಟು ಬೇರೆಯಾದರೂ ಇವೆಲ್ಲ ಒಂದೇ ತೇಜೋದ್ರವ್ಯದ ರೂಪಗಳು. ಈ ನೋಟದಲ್ಲಿ ಬಲ್ಬಿನ ಬೆಳಕನ್ನು ಜಾತಿಯಿಂದ ಕೀಳೆಂದು ಬೇರ್ಪಡಿಸಲು ಆಧಾರವಿಲ್ಲ. ಯಾಜ್ಞವಲ್ಕ್ಯನ ಪರೀಕ್ಷೆಯ ಪ್ರಕಾರವೂ ಯಾವುದರಿಂದ ಗಿಡದ ಬಾಳು ನಡೆಯುತ್ತದೆಯೋ ಅದು ಗಿಡದ ಬೆಳಕೇ. ಕೊರತೆ ಇರುವುದು ಶುದ್ಧಿಯಲ್ಲಿ ಅಲ್ಲ, ಪೂರ್ಣತೆಯಲ್ಲಿ. ಸೂರ್ಯನಲ್ಲಿ ಎಲ್ಲ ಬಣ್ಣಗಳೂ ಒಟ್ಟಿಗಿದ್ದು, ಮುಂಜಾನೆಯಿಂದ ಸಂಜೆಯವರೆಗೆ ತಾವಾಗಿಯೇ ಏರಿಳಿದು, ಕೊನೆಗೆ ರಾತ್ರಿಗೆ ದಾರಿ ಬಿಡುತ್ತವೆ. ಬಲ್ಬಿಗೆ ಈ ವಿವೇಕವಿಲ್ಲ. ಅದನ್ನು ಹಚ್ಚುವವರು ಆ ವಿವೇಕವನ್ನು ತಾವೇ ಕೂಡಿಸಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರು ದಾನಕ್ಕೂ ದಾಸೋಹಕ್ಕೂ ನಡುವೆ ಗೆರೆ ಎಳೆದದ್ದು ಇಂಥ ವಿವೇಕದ ನೆಲೆಯಲ್ಲೇ. ದಾನದಲ್ಲಿ ಕೊಡುವವನ ಹಿರಿಮೆ ಮುಂದೆ ನಿಲ್ಲುವ ಅಪಾಯವಿದೆ. ದಾಸೋಹದಲ್ಲಿ ಕೊಡುವವನು ದಾಸ, ಪಡೆಯುವವನ ಅಗತ್ಯವೇ ಅವನಿಗೆ ಅಪ್ಪಣೆ. ಮಧ್ಯ ಕರ್ನಾಟಕದ ಮಠಗಳ ಪಂಕ್ತಿಯಲ್ಲಿ ಬಡಿಸುವವರಿಗೆ ಹಿರಿಯರು ಹೇಳಿಕೊಡುವ ಪಾಠ ಎಲೆ ನೋಡಿ ಬಡಿಸಬೇಕೆಂಬುದು: ಬಡಿಸುವವನು ತನ್ನ ಕೈಯ ಪಾತ್ರೆಯನ್ನಾಗಲಿ ತನ್ನ ಹಸಿವನ್ನಾಗಲಿ ನೋಡದೆ, ಕುಳಿತವರ ಎಲೆಯಲ್ಲಿ ಏನು ಮುಗಿದಿದೆ, ಏನು ಉಳಿದಿದೆ ಎಂಬುದನ್ನು ನೋಡಬೇಕು, ಸಾಕೆಂದು ಕೈ ಅಡ್ಡ ಬಂದಾಗ ನಿಲ್ಲಿಸಬೇಕು. ಬಾಯಿಲ್ಲದ ಗಿಡ ಬೇಕೆನ್ನುವುದನ್ನೂ ಸಾಕೆನ್ನುವುದನ್ನೂ ಎಲೆಯಿಂದಲೇ ಹೇಳುತ್ತದೆ. ಕಣ್ಣಿಗೆ ಹಿತವೆನಿಸುವ ಬಣ್ಣದ ದೀಪವನ್ನು ಗಿಡದ ಮೇಲೆ ಹಿಡಿದು ಕೊಟ್ಟೆನೆಂದುಕೊಳ್ಳುವುದು ದಾನವಾದೀತು. ಎಲೆಯ ದಪ್ಪ, ಗೆಣ್ಣಿನ ಅಂತರ, ತುದಿಯ ಬಣ್ಣ ಇವುಗಳನ್ನು ದಿನವೂ ಓದಿ ಬೆಳಕನ್ನು ಏರಿಸಿ ಇಳಿಸುವುದು ದಾಸೋಹ.

ಕಾರ್ತಿಕದಲ್ಲಿ ಹಗಲು ಕಿರಿದಾಗುತ್ತಾ ಬರುವಾಗ, ಊರಿನ ಅಂಗಳದಲ್ಲಿ ತುಳಸಿಯ ಮುಂದೆ ಹಣತೆ ಹಚ್ಚುವ ಹೊತ್ತಿಗೆ, ಪಟ್ಟಣದ ಮನೆಯೊಂದರ ಕುಂಡದ ಮೇಲೆ ಬೆಳಗಿನ ಆರರಿಂದ ಉರಿದ 6,500 ಕೆಲ್ವಿನ್ ದೀಪದ ಪಾಳಿ ಮುಗಿದಿರುತ್ತದೆ. ಅದನ್ನು ಆರಿಸಿದ ಮೇಲೆ ಹಚ್ಚುವ ಸೊಡರಿನ ಕೆಂಬೆಳಕಿನಲ್ಲಿ ಗಿಡವನ್ನು ಒಮ್ಮೆ ನೋಡಿ, ಕೈ ಮುಗಿದು, ಎಣ್ಣೆ ತೀರಿದ ಬಳಿಕ ಅದರ ಪಾಲಿನ ಕತ್ತಲೆಯನ್ನು ಅದಕ್ಕೆ ಬಿಟ್ಟು ಬಾಗಿಲು ಹಾಕಿದರೆ, ಆ ದಿನದ ನಮಸ್ಕಾರವೂ ಸೇವೆಯೂ ಸಂದಂತಾಗುತ್ತವೆ.